‘ಬಗ್ಗಬೇಡಿ’ ಅಂತ ಬರೆಯುವವರು ಎಷ್ಟು ದಿನ ಅಂತಲೂ ಬರೆಯಲಿ

ಮಾನ್ಯ ಸಂಪಾದಕರೇ,

ಹೋದ ವಾರ ನಿಮ್ಮ ಪತ್ರಿಕೆಯ ಆರೋಗ್ಯ ಪುಟದಲ್ಲಿ ಸೊಂಟನೋವು ಇದ್ದವರು ಮಾಡಲೇಬಾರದ ಹತ್ತು ಕೆಲಸ ಅಂತ ಒಂದು ಪಟ್ಟಿ ಬಂದಿತ್ತು. ಬಗ್ಗಬಾರದು, ನೆಲದ ಮೇಲೆ ಕೂರಬಾರದು, ಭಾರ ಎತ್ತಬಾರದು, ಬೈಕ್ ಓಡಿಸಬಾರದು, ಮೆಟ್ಟಿಲು ಹತ್ತಬಾರದು, ಹೀಗೆ. ಓದುತ್ತಾ ಮೊದಲು ನಗು ಬಂತು, ಆಮೇಲೆ ಸಿಟ್ಟು ಬಂತು. ಯಾಕಂದ್ರೆ ಈ ಹತ್ತನ್ನೂ ನಾನು ನಾಲ್ಕು ವರ್ಷ ಚಾಚೂ ತಪ್ಪದೆ ಪಾಲಿಸಿದವನು. ಸಾಲದ್ದಕ್ಕೆ ನಾನೇ ಇನ್ನೂ ಹದಿನೈದು ಸೇರಿಸಿಕೊಂಡಿದ್ದೆ. ನೋವು ಇದ್ದಲ್ಲೇ ಇತ್ತು. ಹೋಗಿದ್ದು ಬೇರೆ ಎಲ್ಲ.

ನಾನು ಡಾಕ್ಟರಲ್ಲ. ವಿಜಯಪುರದಲ್ಲಿ ಅಪ್ಪನ ಕಾಲದ ಒಂದು ಕಿರಾಣಿ ಅಂಗಡಿ ನಡೆಸುತ್ತೇನೆ. ಬಿಎಸ್ಸಿ ಓದಿದ್ದು ದಂಡ ಅಂತ ಅವ್ವ ಇವತ್ತಿಗೂ ಅನ್ನುತ್ತಾಳೆ, ಆದರೆ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಗಿರಾಕಿ ಇರುವುದಿಲ್ಲ, ಆ ಹೊತ್ತಿನಲ್ಲಿ ಏನಾದರೂ ಓದುವ ಚಟ ಉಳಿದುಕೊಂಡಿದೆ. ಈ ಪತ್ರದಲ್ಲಿ ಬರುವ ಅಂಕಿಸಂಖ್ಯೆ ಎಲ್ಲ ಆ ಚಟದ್ದು. ನೋವು ಮಾತ್ರ ಸ್ವಂತದ್ದು.

2019ರ ಸಂಕ್ರಾಂತಿಗೆ ಎರಡು ದಿನ ಮೊದಲು. ಸಿದ್ದೇಶ್ವರ ಜಾತ್ರೆಯ ಗದ್ದಲ, ಅಂಗಡಿ ಮುಂದೆ ಜನ, ಹಮಾಲ ಬಂದಿರಲಿಲ್ಲ. 50 ಕೆಜಿ ಸಕ್ಕರೆ ಚೀಲವನ್ನ ಒಬ್ಬನೇ ಎತ್ತೋಕೆ ಹೋದೆ. ಸೊಂಟದಲ್ಲಿ ಕಟಕ್ ಅಂತು. ಆ ಚೀಲದ ಮೇಲೇ ಕೂತವನು ಇಬ್ಬರು ಹಿಡಿದು ಎಬ್ಬಿಸುವವರೆಗೂ ಏಳಲಿಲ್ಲ. ಸೂಜಿ ಚುಚ್ಚಿಸಿಕೊಂಡಿದ್ದಾಯ್ತು, ಗುಳಿಗೆ ನುಂಗಿದ್ದಾಯ್ತು, ಎಂಆರ್‌ಐ ಮಾಡಿಸಿದ್ದಾಯ್ತು. ಡಾಕ್ಟರು ಫಿಲ್ಮನ್ನ ಬೆಳಕಿಗೆ ಹಿಡಿದು ತೋರಿಸಿದರು. ‘ನೋಡಿ, ಈ ಮಣಕದ ಹತ್ತಿರ ಡಿಸ್ಕ್, ಅಂದ್ರೆ ಮೂಳೆಗಳ ನಡುವಿನ ಮೆತ್ತೆ, ಉಬ್ಬಿದೆ, ನರಕ್ಕೆ ತಾಗಬಹುದು, ಇನ್ನು ಮುಂದೆ ಬಗ್ಗಬೇಡಿ, ಭಾರ ಎತ್ತಬೇಡಿ, ಹೆಚ್ಚುಕಡಿಮೆ ಆದರೆ ಕಾಲು ಹೋದೀತು.’ ಒಳ್ಳೆಯ ಮನುಷ್ಯ ಅವರು. ಹೆದರಿಸಬೇಕು ಅಂತ ಹೇಳಿದ್ದಲ್ಲ. ಹೊರಗೆ ಬೆಂಚಿನ ತುಂಬಾ ಜನ ಕಾಯುತ್ತಿದ್ದರು, ಎರಡು ನಿಮಿಷದಲ್ಲಿ ಎಷ್ಟು ಹೇಳೋಕಾಗುತ್ತೆ?

ಆ ಚೀಟಿ ಇನ್ನೂ ನನ್ನ ಹತ್ತಿರ ಇದೆ. ಗುಳಿಗೆ ಮುಂದೆ ‘5 ದಿನ’ ಅಂತ ಬರೆದಿದೆ. ಇನ್ನೊಂದರ ಮುಂದೆ ‘10 ದಿನ’. ಮುಲಾಮಿಗೂ ದಿನ ಇದೆ. ಕೆಳಗೆ ‘ಬಗ್ಗಬಾರದು, ಭಾರ ಎತ್ತಬಾರದು, ಬೆಲ್ಟ್ ಹಾಕಬೇಕು’ ಅಂತ ಇದೆ. ಅದಕ್ಕೆ ದಿನ ಇಲ್ಲ.

ನಾನು ಈ ಪತ್ರ ಬರೆಯುತ್ತಿರುವುದು ಆ ಖಾಲಿ ಜಾಗದ ಬಗ್ಗೆ.

ಮೊದಲ ಒಂದೆರಡು ವಾರ ಆ ಮಾತು ಸರಿ ಇದ್ದಿರಬಹುದು. ಆದರೆ ಮುಗಿಯುವ ದಿನ ಇಲ್ಲದ ಮಾತು ಜೀವನಪೂರ್ತಿ ಅಂತಲೇ ತಲೆಯಲ್ಲಿ ಕೂರುತ್ತೆ. ಊಟಕ್ಕೆ ನೆಲದ ಮೇಲೆ ಕೂರುವುದು ಬಿಟ್ಟೆ. ಮದುವೆ ಮನೆಯಲ್ಲಿ ಪಂಕ್ತಿಗೆ ಕೂರದೆ ಮುದುಕರ ಜೊತೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತೆ, ಎರಡು ಸಲ ಯಾರೋ ‘ಏನ್ರೀ, ಇಷ್ಟ್ ಲಗೂನ ಮುದುಕರಾದ್ರಿ?’ ಅಂದರು, ಮೂರನೇ ಮದುವೆಗೆ ಹೋಗಲೇ ಇಲ್ಲ. ಗುಡಿಯಲ್ಲಿ ನಿಂತೇ ಕೈಮುಗಿದೆ. ರಸ್ತೆಯ ಹಂಪ್ಸಿಗೆ ಹೆದರಿ ಬೈಕ್ ಮಾರಿದೆ. ಆಮೇಲೆ ಆಟೋದಲ್ಲೂ ಹಂಪ್ಸ್ ಬರುತ್ತೆ ಅಲ್ವಾ, ಅದನ್ನೂ ಬಿಟ್ಟೆ. ಸೀನು ಬಂದರೆ ಮೇಜು ಹಿಡಿದುಕೊಂಡು ಸೀನುತ್ತಿದ್ದೆ. ಬಿದ್ದ ಐದು ರೂಪಾಯಿ ನಾಣ್ಯವನ್ನ ಎತ್ತೋಕೆ ಗಿರಾಕಿಗೇ ಹೇಳುತ್ತಿದ್ದೆ, ಕೆಲವರು ಎತ್ತಿ ಕೊಡುತ್ತಿದ್ದರು, ಕೆಲವರು ನನ್ನ ಮುಖ ನೋಡುತ್ತಿದ್ದರು. 2020ರ ಲಾಕ್‌ಡೌನ್‌ನಲ್ಲಿ ಕಿರಾಣಿ ಅಂಗಡಿಗಳಿಗೆ ಬೀಗ ಇರಲಿಲ್ಲ. ನನ್ನ ಸೊಂಟಕ್ಕೆ ಇತ್ತು. ಅಂಗಡಿಯ ಕೆಲಸ ಎಲ್ಲ ಮಗನ ಮೇಲೆ ಬಿತ್ತು, ನಾನು ಗಲ್ಲೆ ಮುಂದೆ ಬೆಲ್ಟ್ ಕಟ್ಟಿಕೊಂಡು ಗೊಂಬೆ ಹಾಗೆ ಕೂತೆ.

ಮನೆಯವರ ಪ್ರೀತಿಯೂ ಸೇರಿಕೊಂಡಿತು. ನಾನು ಸ್ವಲ್ಪ ವಾಲಿದರೆ ಸಾಕು, ಅಡುಗೆಮನೆಯಿಂದಲೇ ‘ರೀ, ಬಗ್ಗಬ್ಯಾಡ್ರಿ’ ಅಂತ ಕೂಗು. ನೀರಿನ ಕೊಡ ಮುಟ್ಟಿದರೆ ಮಗ ಓಡಿ ಬರುತ್ತಿದ್ದ. ಅವರು ಕೂಗಿದಾಗಲೆಲ್ಲ ನನಗೆ ನನ್ನ ಸೊಂಟ ಗಾಜಿನದು ಅಂತ ಇನ್ನೊಮ್ಮೆ ಖಾತ್ರಿಯಾಗುತ್ತಿತ್ತು. ಅವ್ವ ಒಬ್ಬಳೇ ಬೇರೆ. ಎಪ್ಪತ್ತು ದಾಟಿದರೂ ದಿನಾ ಬಗ್ಗಿ ಕೂತು ಮೂವತ್ತು ರೊಟ್ಟಿ ಬಡಿಯುವವಳು. ‘ನನಗೂ ಸೊಂಟ ನೋಯ್ತೈತಿ ತಮ್ಮಾ, ಆದ್ರ ರೊಟ್ಟಿ ಬಡದರ ಮುರೀತೈತಿ ಅಂತ ಯಾರೂ ಹೇಳಿಲ್ಲ ನನಗ’ ಅಂದಿದ್ದಳು ಒಮ್ಮೆ. ಆಗ ನನಗೆ ಅವಳ ಮೇಲೆ ಸಿಟ್ಟು ಬಂದಿತ್ತು, ನನ್ನ ನೋವು ಇವಳಿಗೆ ತಮಾಷೆ ಅಂತ. ಈಗ ಅನ್ನಿಸುತ್ತೆ, ನಾನು ನಾಲ್ಕು ವರ್ಷದಲ್ಲಿ ಕೇಳಿದ ಮಾತುಗಳಲ್ಲಿ ಎಲ್ಲಕ್ಕಿಂತ ಸರಿಯಾದದ್ದು ಅದೇ.

ತೆನಾಲಿ ರಾಮಕೃಷ್ಣನ ಬೆಕ್ಕಿನ ಕಥೆ ನಿಮಗೆ ಗೊತ್ತು. ಮೊದಲ ದಿನ ಕುದಿಯುವ ಹಾಲಿಟ್ಟ, ಬೆಕ್ಕು ಬಾಯಿ ಸುಟ್ಟುಕೊಂಡಿತು, ಆಮೇಲೆ ಹಾಲು ಕಂಡರೆ ಓಡುತ್ತಿತ್ತು, ಬಡಕಲಾಯಿತು. ನಾವು ಅದನ್ನ ಜಾಣತನದ ಕಥೆ ಅಂತ ನಗುತ್ತೇವೆ. ಒಮ್ಮೆ ಬೆಕ್ಕಿನ ಕಡೆಯಿಂದ ನೋಡಿ. ಎರಡನೇ ದಿನದ ಹಾಲು ತಣ್ಣಗೆ ಇದ್ದಿರಬಹುದು, ಆದರೆ ಅದು ಗೊತ್ತಾಗಬೇಕಾದರೆ ನಾಲಿಗೆ ತಾಗಿಸಬೇಕು. ಓಡಿಹೋಗುವ ಬೆಕ್ಕಿಗೆ ಹಾಲು ಯಾವಾಗಲೂ ಬಿಸಿಯೇ. ಅದು ಬಡಕಲಾದದ್ದು ಸುಟ್ಟ ನಾಲಿಗೆಯಿಂದಲ್ಲ, ಓಡಿದ್ದರಿಂದ.

ಇದನ್ನೇ ವಿಜ್ಞಾನಿಗಳು ಬೇರೆ ಮಾತಿನಲ್ಲಿ ಹೇಳಿದ್ದಾರೆ. 1983ರಲ್ಲೇ ಇದರ ಬಗ್ಗೆ ಬರವಣಿಗೆ ಶುರುವಾಯಿತು, 2000ದಲ್ಲಿ ಯೋಹಾನ್ ವ್ಲಾಯೆನ್ ಮತ್ತು ಸ್ಟೀವನ್ ಲಿಂಟನ್ ಅನ್ನುವ ಇಬ್ಬರು ಮನಶ್ಶಾಸ್ತ್ರಜ್ಞರು ಅದನ್ನ ಒಂದು ಸುತ್ತು ಅಂತ ಬಿಡಿಸಿ ತೋರಿಸಿದರು. ನೋವು ಬರುತ್ತೆ. ‘ಅಯ್ಯೋ, ಮುಗೀತು ನನ್ನ ಕಥೆ’ ಅಂತ ಮನಸ್ಸು ಹೇಳುತ್ತೆ. ಹೆದರಿಕೆ ಬರುತ್ತೆ. ಹೆದರಿದವನು ಅಲುಗಾಡುವುದಿಲ್ಲ, ಮೈಮೇಲೆ ಸದಾ ಒಂದು ಕಣ್ಣಿಟ್ಟಿರುತ್ತಾನೆ. ಅಲುಗಾಡದ ಮೈ ಬಿಗಿಯುತ್ತೆ, ಸ್ನಾಯು ಸೊರಗುತ್ತೆ, ಕೆಲಸ ಹೋಗುತ್ತೆ, ಗೆಳೆಯರು ಹೋಗುತ್ತಾರೆ, ಮನಸ್ಸು ಕುಗ್ಗುತ್ತೆ. ಕುಗ್ಗಿದ ಮನಸ್ಸಿಗೆ ಅದೇ ನೋವು ಎರಡರಷ್ಟು. ಮತ್ತೆ ಮೊದಲಿಂದ. ಅದೇ ನೋವಿದ್ದೂ ಅಷ್ಟು ಹೆದರದವನು ಮಾತ್ರ ನಿಧಾನಕ್ಕೆ ಕೆಲಸಕ್ಕೆ ಮರಳುತ್ತಾನೆ, ಸುತ್ತಿನಿಂದ ಹೊರಗೆ ಬೀಳುತ್ತಾನೆ. ಎಲ್ಲರಿಗೂ ಹೀಗೇ ಆಗುತ್ತೆ ಅಂತಲ್ಲ. ನನಗೆ ಅಕ್ಷರಕ್ಕೆ ಅಕ್ಷರ ಹೀಗೇ ಆಯ್ತು. ಓಡಾಡುವುದಕ್ಕೇ ಹೆದರುವ ಈ ಸ್ಥಿತಿಗೆ ವೈದ್ಯರ ಭಾಷೆಯಲ್ಲಿ ಕಿನೇಸಿಯೋಫೋಬಿಯಾ ಅಂತ ಹೆಸರು. ಅದನ್ನ ಅಳೆಯೋಕೆ 17 ಪ್ರಶ್ನೆಗಳ ಒಂದು ಪಟ್ಟಿಯೂ ಇದೆ. ನಾಲ್ಕು ವರ್ಷದಲ್ಲಿ ನಾನು ರಕ್ತ ಕೊಟ್ಟೆ, ಫಿಲ್ಮ್ ತೆಗೆಸಿದೆ, ದುಡ್ಡು ಸುರಿದೆ, ಆದರೆ ‘ನಿಮಗೆ ಯಾವುದರ ಹೆದರಿಕೆ?’ ಅಂತ ಒಬ್ಬರೂ ಕೇಳಿರಲಿಲ್ಲ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಹೆದರಿಕೆಯಿಂದ ನೋವು ಉಳಿಯಿತು ಅಂದ ತಕ್ಷಣ ಜನ ‘ಹಾಗಾದ್ರೆ ನೋವೇ ಇರಲಿಲ್ಲ, ಎಲ್ಲ ಮನಸ್ಸಿನ ಆಟ, ನಾಟಕ’ ಅಂತ ತಿಳಿಯುತ್ತಾರೆ. ಅಲ್ಲ. ನೋವು ನಿಜ. ರಾತ್ರಿ ಮಗ್ಗುಲು ಬದಲಿಸುವಾಗ ಕಣ್ಣಲ್ಲಿ ನೀರು ಬರಿಸುವ ನೋವು ನಾಟಕ ಅಲ್ಲ. ಗಾಯ ಸಾಮಾನ್ಯವಾಗಿ ಕೆಲವು ವಾರದಲ್ಲಿ ಮಾಯುತ್ತೆ. ಮೂರು ತಿಂಗಳು ದಾಟಿದ ನೋವನ್ನ ದೀರ್ಘಕಾಲದ ನೋವು ಅನ್ನುತ್ತಾರೆ, ಅಲ್ಲಿ ಕೆಲವು ಸಲ ಗಾಯಕ್ಕಿಂತ ಜಾಸ್ತಿ ಕೆಲಸ ಮಾಡುತ್ತಿರುವುದು ನರಗಳ ಕಾವಲು. ಒಂದು ಸಲ ಕಳ್ಳ ನುಗ್ಗಿದ ಮನೆಯ ನಾಯಿ ಆಮೇಲೆ ಹಾಲಿನವನಿಗೂ ಬೊಗಳುತ್ತೆ ಅಲ್ವಾ, ಹಾಗೆ. ನಾಯಿ ಸುಳ್ಳು ಬೊಗಳುತ್ತಿಲ್ಲ. ಕಳ್ಳ ಮಾತ್ರ ಈಗ ಇಲ್ಲ. ನೋವಿನ ಬಗ್ಗೆ ಕೆಲಸ ಮಾಡುವ ಅಂತರರಾಷ್ಟ್ರೀಯ ಸಂಘ 2020ರಲ್ಲಿ ನೋವಿನ ವ್ಯಾಖ್ಯಾನವನ್ನೇ ತಿದ್ದಿ ಬರೆಯಿತು. ನೋವು ಅಂದರೆ ಮೈಯದ್ದೂ ಹೌದು, ಭಾವನೆಯದ್ದೂ ಹೌದು ಅನ್ನುವ ಮಾತು ಅದರಲ್ಲೇ ಇದೆ. ರೋಗಿ ನೋವಾಗುತ್ತೆ ಅಂದರೆ ಆ ಮಾತಿಗೆ ಮರ್ಯಾದೆ ಕೊಡಬೇಕು ಅಂತಲೂ ಜೊತೆಗೆ ಸೇರಿಸಿದ್ದಾರೆ.

ಮನಸ್ಸಿನ ವಿಷಯಕ್ಕೆ ಬಂದೆ. ಮೂರನೇ ವರ್ಷಕ್ಕೆ ನನಗೆ ಬೆಳಗಿನ ಜಾವ ಮೂರಕ್ಕೆ ಎಚ್ಚರವಾಗೋದು ಶುರುವಾಯಿತು. ಸೊಂಟದ ನೋವಿಗಲ್ಲ. ಸುಮ್ನೆ ಎಚ್ಚರ. ಛಾವಣಿ ನೋಡುತ್ತಾ, ಕಾಲು ಹೋದರೆ ಅಂಗಡಿ ಯಾರು ನೋಡುತ್ತಾರೆ, ಮಗನ ಓದು ಏನಾಗುತ್ತೆ, ಇವರಿಗೆಲ್ಲ ನಾನು ಒಂದು ಹೊರೆ, ಇದೇ ಸುತ್ತು. ಹಗಲು ಗಿರಾಕಿಗಳ ಮೇಲೆ ರೇಗಾಟ. ಅರ್ಧ ಕೆಜಿ ಬೇಳೆಗೆ ಚೌಕಾಶಿ ಮಾಡಿದ ಒಬ್ಬ ಅಜ್ಜಿಗೆ ಬೈದು ಕಳಿಸಿದೆ, ಮೂವತ್ತು ವರ್ಷದಿಂದ ಬರುತ್ತಿದ್ದವಳು. ಹೆಂಡತಿ ಹೆದರುತ್ತಾ ಹೆದರುತ್ತಾ ‘ಮನಸ್ಸಿನ ಡಾಕ್ಟರಿಗೆ ಒಮ್ಮೆ ತೋರಿಸೋಣೇನ್ರೀ’ ಅಂದಾಗ ಕೂಗಾಡಿದೆ. ನಮ್ಮ ಕಡೆ ಈ ಮಾತಿಗೆ ಒಂದೇ ಅರ್ಥ, ‘ಧಾರವಾಡಕ್ಕ ಕಳಸಬೇಕು ಇವನ್ನ’ ಅನ್ನೋದು, ಅಂದರೆ ಅಲ್ಲಿನ ಹುಚ್ಚಾಸ್ಪತ್ರೆಗೆ. ಸಣ್ಣವರಿದ್ದಾಗಿಂದ ಒಬ್ಬರನ್ನೊಬ್ಬರು ಹಾಗೆ ಆಡಿಕೊಂಡು ನಕ್ಕವರೇ ನಾವು. ಆ ನಗು ನನ್ನನ್ನ ಒಂದು ವರ್ಷ ಮನೆಯಲ್ಲೇ ಕೂರಿಸಿತು. ಬಗ್ಗಿದರೆ ಸೊಂಟ ಹೋಗುತ್ತೆ ಅಂತ ಬಗ್ಗಲಿಲ್ಲ, ಹೋದರೆ ಹುಚ್ಚ ಅಂತಾರೆ ಅಂತ ಹೋಗಲಿಲ್ಲ. ಎರಡೂ ಒಂದೇ ಹೆದರಿಕೆ ಅಂತ ಆಗ ಹೊಳೆದಿರಲಿಲ್ಲ.

ಈ ನಡುವೆ ತಂಗಿಗೆ ಹೆಣ್ಣು ಕೂಸಾಯಿತು. ಬಾಗಲಕೋಟೆಯ ನವನಗರದಲ್ಲಿ ತಂಗಿ ಮನೆ. ತೊಟ್ಟಿಲ ಕಾರ್ಯಕ್ಕೆ ಹೋದೆ, ದಾರಿಯುದ್ದಕ್ಕೂ ಕಾರಿನ ಸೀಟು ಹಿಡಿದುಕೊಂಡು. ಸೋದರಮಾವ ಅಂತ ಕೂಸನ್ನ ಕೈಗೆ ಕೊಡೋಕೆ ಬಂದರು. ನಾನು ಹಿಂದೆ ಸರಿದೆ. ‘ಬ್ಯಾಡವಾ, ಭಾರ ಎತ್ತೂಹಂಗಿಲ್ಲ’ ಅಂದೆ. ತಂಗಿ ಏನೂ ಅನ್ನಲಿಲ್ಲ. ಮುಖ ಮಾತ್ರ ನನಗೆ ಇನ್ನೂ ಕಾಣುತ್ತೆ.

2023ರಲ್ಲಿ ನನ್ನನ್ನ ಬಾಗಲಕೋಟೆಗೆ ಕರೆಸಿ ಒಬ್ಬ ಫಿಜಿಯೋಥೆರಪಿಸ್ಟ್ ಹತ್ತಿರ ಕೂರಿಸಿದವಳೂ ಅದೇ ತಂಗಿ. ಆ ಫಿಜಿಯೋ ಇನ್ನೂ ಚಿಕ್ಕ ಹುಡುಗಿ, ನನ್ನನ್ನ ಅಂಕಲ್ ಅನ್ನುತ್ತಿದ್ದಳು. ಮೊದಲು ಫೈಲ್ ಪೂರಾ ನೋಡಿದಳು, ಕಾಲಿನ ಶಕ್ತಿ ನೋಡಿದಳು, ಬೆರಳು ಮಡಚಿಸಿದಳು, ಕಾಲಲ್ಲಿ ಎಲ್ಲಾದರೂ ಮರಗಟ್ಟುತ್ತಾ ಕೇಳಿದಳು. ಮಿಷನ್ ಹಚ್ಚಲಿಲ್ಲ, ಶಾಖ ಕೊಡಲಿಲ್ಲ. ಒಂದು ಹಾಳೆ ಕೊಟ್ಟು ‘ಏನೇನು ಮಾಡೋಕೆ ಹೆದರಿಕೆ ಅಂತ ಬರೀರಿ, ಪ್ರತಿಯೊಂದಕ್ಕೂ ನೂರಕ್ಕೆ ಎಷ್ಟು ಹೆದರಿಕೆ ಅಂತ ಮಾರ್ಕ್ಸ್ ಹಾಕಿ’ ಅಂದಳು. ಹಾಳೆ ತುಂಬಿ ಹಿಂದೆಯೂ ಬರೆದೆ. ನಾಣ್ಯ ಎತ್ತೋದು 40, ಬೈಕ್ 75, ನೆಲದ ಮೇಲೆ ಊಟ 60, ಸಕ್ಕರೆ ಚೀಲ 100. ಅದನ್ನ ಓದಿ ಕೇಳಿದಳು, ‘ನಿಮ್ಮ ತಂಗಿ ಕೂಸು ಎಷ್ಟು ತೂಕ ಇತ್ತು ಅಂಕಲ್, ನೀವು ಎತ್ತಲಿಲ್ಲ ಅಂದ್ರಲ್ಲ?’ ಮೂರು ಕೆಜಿ ಚಿಲ್ಲರೆ ಅಂದೆ. ದಿನಾ ತೂಕದ ಜೊತೆ ಬದುಕುವ ಮನುಷ್ಯ ನಾನು. ಆ ಅಂಕಿ ನನ್ನ ಬಾಯಿಂದಲೇ ಬಂದಾಗ ನಾಚಿಕೆಯಾಯಿತು.

ಅಂಗಡಿಯಲ್ಲಿ ಎಲೆಕ್ಟ್ರಾನಿಕ್ ಕಾಟಾ ಬಂದ ಮೇಲೆ ಅಪ್ಪನ ಕಾಲದ ತಕ್ಕಡಿ, ತೂಕದ ಕಲ್ಲುಗಳು ಮೂಲೆಯಲ್ಲಿ ಜೇಡರ ಬಲೆ ಹಿಡಿದು ಬಿದ್ದಿದ್ದವು. ಅವೇ ನನ್ನ ಔಷಧಿಯಾದವು. ಮೊದಲ ವಾರ ಅರ್ಧ ಕೆಜಿ ಕಲ್ಲನ್ನ ನೆಲದಿಂದ ಎತ್ತಿ ಕಟ್ಟೆ ಮೇಲೆ ಇಡೋದು, ದಿನಕ್ಕೆ ಹತ್ತು ಸಲ. ಎತ್ತುವ ಮೊದಲು ಏನಾಗುತ್ತೆ ಅಂದುಕೊಂಡಿದ್ದೇನೆ ಅಂತ ಬರೆಯಬೇಕು, ಎತ್ತಿದ ಮೇಲೆ ಏನಾಯಿತು ಅಂತ ಬರೆಯಬೇಕು. ಮೊದಲ ದಿನದ ಸಾಲು ಹೀಗಿದೆ: ‘ಕಟಕ್ ಅನ್ನುತ್ತೆ, ಕಾಲು ಜೋಮು ಹಿಡಿಯುತ್ತೆ.’ ಪಕ್ಕದಲ್ಲಿ: ‘ಬೆವರು ಬಂತು. ಸ್ವಲ್ಪ ಎಳೆಯಿತು. ಕಟಕ್ ಅನ್ನಲಿಲ್ಲ.’ ಕೈ ನಡುಗುತ್ತಿತ್ತು ಅಂದರೆ ನಂಬುತ್ತೀರಾ? ಅರ್ಧ ಕೆಜಿಗೆ! ಆ ಸಾಲುಗಳನ್ನ ಸಕ್ಕರೆ ಲೆಕ್ಕದ ಪಟ್ಟಿಯ ಹಿಂದೆಯೇ ಬರೆದಿದ್ದೆ, ಇನ್ನೂ ಇದೆ. ಒಂದು ಕೆಜಿ, ಎರಡು, ಐದು. ಐದು ಕೆಜಿ ಕಲ್ಲಿಗೆ ಬರೋಕೆ ಎರಡೂವರೆ ತಿಂಗಳು ಹಿಡಿಯಿತು. ನಡುವೆ ಒಮ್ಮೆ ಮೈ ಹಗುರ ಅನ್ನಿಸಿದ ದಿನ ಹುರುಪಿನಲ್ಲಿ ಇಡೀ ಗೋದಾಮು ಗುಡಿಸಿ ಎರಡು ದಿನ ಮಲಗಿದೆ. ಫೋನ್ ಮಾಡಿದರೆ ಆ ಹುಡುಗಿ ಬೈಯಲಿಲ್ಲ. ‘ಚೆನ್ನಾಗಿರೋ ದಿನ ಜಾಸ್ತಿ ಮಾಡಬೇಡಿ, ಚೆನ್ನಾಗಿಲ್ಲದ ದಿನ ಬಿಡಬೇಡಿ, ನೋವು ನೋಡಬೇಡಿ, ಗಡಿಯಾರ ನೋಡಿ’ ಅಂದಳು. ಇದು ಕೇಳೋಕೆ ಸುಲಭ. ಮಾಡೋಕೆ ನನಗಂತೂ ಎಲ್ಲಕ್ಕಿಂತ ಕಷ್ಟವಾಗಿದ್ದು ಇದೇ.

ಎಂಆರ್‌ಐ ಬಗ್ಗೆ ಅವಳು ಹೇಳಿದ್ದನ್ನ ನಾನು ನಂಬಿರಲಿಲ್ಲ, ಆಮೇಲೆ ಹುಡುಕಿ ಓದಿದೆ. 2015ರಲ್ಲಿ, ಬೆನ್ನುನೋವೇ ಇಲ್ಲದ 3,110 ಜನರ ಸ್ಕ್ಯಾನ್‌ಗಳನ್ನ ಒಟ್ಟುಗೂಡಿಸಿ ನೋಡಿದ ಒಂದು ವರದಿ ಬಂದಿದೆ. ನೋವಿಲ್ಲದ 20 ವರ್ಷದವರಲ್ಲೇ ನೂರಕ್ಕೆ 37 ಜನರ ಡಿಸ್ಕ್ ಸವೆದಿರುತ್ತೆ, 40ಕ್ಕೆ 68, 80ಕ್ಕೆ 96. ಡಿಸ್ಕ್ ಉಬ್ಬಿರುವುದು 20ರಲ್ಲಿ 30 ಜನರಿಗೆ, 40ರಲ್ಲಿ 50 ಜನರಿಗೆ. ಅಂದರೆ ಗಾಂಧಿ ಚೌಕದಲ್ಲಿ ಆರಾಮಾಗಿ ಚಹಾ ಕುಡಿಯುತ್ತಾ ನಿಂತ ನಲವತ್ತರ ಗಂಡಸರನ್ನ ಹಿಡಿದು ಯಂತ್ರದೊಳಗೆ ಹಾಕಿದರೆ ಅರ್ಧ ಜನಕ್ಕೆ ನನ್ನದೇ ರಿಪೋರ್ಟ್ ಬರುತ್ತೆ. ತಲೆಯಲ್ಲಿ ಬಿಳಿಕೂದಲು ಬಂದ ಹಾಗೆ ಅದು. ಬಿಳಿಕೂದಲಿನ ಫೋಟೋ ತೆಗೆದು ಕೈಗೆ ಕೊಟ್ಟು ‘ಹುಷಾರು’ ಅಂದರೆ ಯಾರಾದರೂ ತಲೆ ಬಾಚೋಕೆ ಹೆದರುತ್ತಾರೆ.

ಇನ್ನು ವಿಶ್ರಾಂತಿ. 1995ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ನಗರಾಡಳಿತದ ನೌಕರರಲ್ಲಿ ಹೊಸದಾಗಿ ಸೊಂಟ ಹಿಡಿದವರನ್ನ ಮೂರು ಗುಂಪು ಮಾಡಿ ನೋಡಿದರು. ಒಂದು ಗುಂಪು ಎರಡು ದಿನ ಮಲಗಿತು, ಒಂದು ಬೆನ್ನಿನ ವ್ಯಾಯಾಮ ಮಾಡಿತು, ಇನ್ನೊಂದಕ್ಕೆ ಆದಷ್ಟು ಮಟ್ಟಿಗೆ ನಿಮ್ಮ ದಿನದ ಕೆಲಸ ಮಾಡಿಕೊಂಡಿರಿ ಅಂದರು. ಬೇಗ ಚೇತರಿಸಿಕೊಂಡದ್ದು ಮೂರನೆಯದು. ಮೂವತ್ತು ವರ್ಷದ ಹಿಂದಿನ ಮಾತು ಇದು. 2023ರ ಡಿಸೆಂಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ದೀರ್ಘಕಾಲದ ಸೊಂಟನೋವಿಗೆ ಅಂತಲೇ ಮಾರ್ಗಸೂಚಿ ಕೊಟ್ಟಿತು. ಜಗತ್ತಿನಲ್ಲಿ 2020ರಲ್ಲಿ 61.9 ಕೋಟಿ ಜನಕ್ಕೆ ಈ ನೋವಿತ್ತಂತೆ. ತಿಳಿವಳಿಕೆ, ವ್ಯಾಯಾಮ, ಮನಸ್ಸಿಗೆ ಸಂಬಂಧಪಟ್ಟ ಚಿಕಿತ್ಸೆ ಕೊಡಿ ಅಂತ ಅದರಲ್ಲಿದೆ. ಎಲ್ಲರಿಗೂ ಮಾಮೂಲಿಯಾಗಿ ಕೊಡಬೇಡಿ ಅನ್ನುವ ಪಟ್ಟಿಯಲ್ಲಿ ಸೊಂಟದ ಬೆಲ್ಟ್ ಇದೆ, ತೂಕ ಕಟ್ಟಿಯೋ ಯಂತ್ರದಿಂದಲೋ ಸೊಂಟ ಎಳೆಯುವ ಟ್ರ್ಯಾಕ್ಷನ್ ಇದೆ, ಅಫೀಮಿನ ಜಾತಿಯ ನೋವಿನ ಗುಳಿಗೆಗಳೂ ಇವೆ. ನಾನು ನಾಲ್ಕು ವರ್ಷದಲ್ಲಿ ಮೂರು ಬೆಲ್ಟ್ ಸವೆಸಿದ್ದೆ.

ಪತ್ರಿಕೆಯವರಿಗೆ ಈ ಪತ್ರ ಬರೆಯೋಕೆ ಒಂದು ಕಾರಣ ಇದೆ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ 1997ರಿಂದ ಎರಡು ವರ್ಷ ಟಿವಿಯಲ್ಲಿ ಜಾಹೀರಾತು ಕೊಟ್ಟರು. ಬೆನ್ನುನೋವಿಗೆ ಮಲಗಬೇಡಿ, ಓಡಾಡಿಕೊಂಡಿರಿ, ಕೆಲಸಕ್ಕೆ ಹೋಗಿ, ಇಷ್ಟೇ ಮಾತು. ಜನರ ನಂಬಿಕೆ ಬದಲಾಯಿತು, ಡಾಕ್ಟರುಗಳ ನಂಬಿಕೆಯೂ ಬದಲಾಯಿತು, ಬೆನ್ನುನೋವಿಗೆ ಪರಿಹಾರಧನ ಕೇಳಿ ಬರುವ ಅರ್ಜಿಗಳು ಕಡಿಮೆಯಾದವು. ಜಾಹೀರಾತು ಇಲ್ಲದ ಪಕ್ಕದ ರಾಜ್ಯದಲ್ಲಿ ಜನರ ನಂಬಿಕೆ ಇದ್ದ ಹಾಗೇ ಇತ್ತು. ಮಾತಿಗೆ ಅಷ್ಟು ಶಕ್ತಿ ಇದೆ ಅಂದಮೇಲೆ ನಿಮ್ಮ ಹತ್ತು ‘ಬಾರದು’ಗಳಿಗೂ ಶಕ್ತಿ ಇರುತ್ತೆ ಅಲ್ವಾ? ಭಾನುವಾರ ಆ ಪುಟ ಓದಿ ಎಷ್ಟು ಜನ ನೆಲದ ಮೇಲೆ ಕೂರೋದು ಬಿಟ್ಟರೋ.

ಹಾಗಂತ ಯಾರೂ ನನ್ನ ಮಾತು ಕೇಳಿ ನಾಳೆಯೇ ಚೀಲ ಎತ್ತಬೇಡಿ. ಕೆಲವು ಸೊಂಟನೋವು ಬೇರೆ ಜಾತಿಯವು. ಉಚ್ಚೆ, ಸಂಡಾಸ ಹಿಡಿತ ತಪ್ಪಿದರೆ, ತೊಡೆಸಂದಿಯ ಸುತ್ತ ಮರಗಟ್ಟಿದರೆ, ಕಾಲಿನ ಶಕ್ತಿ ದಿನದಿಂದ ದಿನಕ್ಕೆ ಕಡಿಮೆಯಾಗುತ್ತಿದ್ದರೆ ಅದೇ ದಿನ ಆಸ್ಪತ್ರೆಗೆ ಓಡಬೇಕು. ನೋವಿನ ಜೊತೆ ಜ್ವರ ಇದ್ದರೆ, ಕಾರಣ ಇಲ್ಲದೆ ತೂಕ ಇಳಿಯುತ್ತಿದ್ದರೆ, ಎತ್ತರದಿಂದ ಬಿದ್ದಿದ್ದರೆ, ಹಿಂದೆ ಕ್ಯಾನ್ಸರ್ ಆಗಿದ್ದರೆ ತಡ ಮಾಡದೆ ತೋರಿಸಬೇಕು. ಬೆನ್ನುಮೂಳೆಗೆ ಟಿಬಿ ಆಗುವುದು ನಮ್ಮ ದೇಶದಲ್ಲಿ ಅಪರೂಪವೂ ಅಲ್ಲ. ಸಂಪಾದಕರೇ, ಜಾಗ ಇಲ್ಲ ಅಂತ ಪತ್ರ ಕತ್ತರಿಸುವುದಾದರೆ ನನ್ನ ಬೈಕಿನ ಕಥೆ ಕತ್ತರಿಸಿ, ಈ ಪ್ಯಾರಾ ಮುಟ್ಟಬೇಡಿ.

ಇನ್ನೊಂದು. ಎಪಿಎಂಸಿಯಲ್ಲಿ ದಿನಾ ಚೀಲ ಹೊರುವ ಹಮಾಲರಿಗೆ, ಕಬ್ಬು ಕಡಿಯುವವರಿಗೆ ‘ಹೆದರಬೇಡಿ, ಎತ್ತಿ’ ಅಂತ ನಾನು ಹೇಳುತ್ತಿಲ್ಲ. ಅವರ ಕಷ್ಟ ಉಲ್ಟಾ. ಅವರಿಗೆ ‘ಭಾರ ಎತ್ತಬೇಡಿ’ ಅಂತ ಬರೆದುಕೊಟ್ಟರೆ ಸಂಜೆಗೆ ಒಲೆ ಹತ್ತುವುದಿಲ್ಲ, ಅದಕ್ಕೇ ಗುಳಿಗೆ ನುಂಗಿ, ಎದೆಯಲ್ಲಿ ಹೆದರಿಕೆ ಇಟ್ಟುಕೊಂಡೇ ಎತ್ತುತ್ತಾರೆ. ನನಗೆ ಗಲ್ಲೆ ಮುಂದೆ ಕೂರೋಕೆ ಕುರ್ಚಿ ಇತ್ತು, ಅದಕ್ಕೇ ನಾಲ್ಕು ವರ್ಷ ಹೆದರಿಕೊಂಡು ಕೂರೋಕಾಯಿತು. ಹಮಾಲರ ಚೀಲದ ತೂಕದ ಬಗ್ಗೆ ಬರೆದರೆ ಅದೇ ಒಂದು ಪತ್ರವಾಗುತ್ತೆ.

ಕೇಳುವುದು ಇಷ್ಟೇ. ಡಾಕ್ಟರುಗಳು ‘ಬಗ್ಗಬೇಡಿ’ ಅಂತ ಬರೆದರೆ ಪಕ್ಕದಲ್ಲಿ ದಿನ ಬರೆಯಲಿ, ಗುಳಿಗೆಗೆ ಬರೆದ ಹಾಗೆ. ಆ ದಿನ ಮುಗಿದ ಮೇಲೆ ಏನು ಮಾಡಬೇಕು ಅಂತ ಒಂದು ಸಾಲು ಬರೆಯಲಿ. ತಾಲೂಕು ಆಸ್ಪತ್ರೆಗಳಲ್ಲಿ ಫಿಜಿಯೋ ಹುದ್ದೆ ಇದ್ದಲ್ಲಿ ಜನ ತುಂಬಲಿ, ಇಲ್ಲದಲ್ಲಿ ಹುದ್ದೆ ಬರಲಿ. ಇಂಡಿಯಿಂದಲೋ ಸಿಂದಗಿಯಿಂದಲೋ ಸೊಂಟ ಹಿಡಿದುಕೊಂಡು ಬಸ್ಸಿನಲ್ಲಿ ಬರುವವರಿಗೆ ಬಾಗಲಕೋಟೆಯಲ್ಲಿ ತಂಗಿ ಮನೆ ಇರುವುದಿಲ್ಲ. ಮೂರು ತಿಂಗಳು ದಾಟಿದ ನೋವಿನವರಿಗೆ ನಿದ್ದೆ ಹೇಗಿದೆ, ಮನಸ್ಸು ಹೇಗಿದೆ ಅಂತ ಒಂದು ಪ್ರಶ್ನೆಯಾದರೂ ಕೇಳಲಿ. ನೀವು ನಿಮ್ಮ ಪುಟದಲ್ಲಿ ಆ ಹತ್ತು ‘ಬಾರದು’ಗಳ ಬದಲು ಒಂದು ಸಲ ಹತ್ತು ‘ಬಹುದು’ ಹಾಕಿ ನೋಡಿ.

ಮನಸ್ಸಿನ ಡಾಕ್ಟರಿಗೆ ಕೊನೆಗೂ ಹೋದೆ. ಅದಕ್ಕೂ ಮೊದಲು ಒಂದು ಮಧ್ಯಾಹ್ನ, ಅಂಗಡಿಯಲ್ಲಿ ಯಾರೂ ಇಲ್ಲದಾಗ, 14416ಕ್ಕೆ ಫೋನ್ ಮಾಡಿದ್ದೆ. ಟೆಲಿ ಮಾನಸ್ ಅಂತ, 2022ರ ಅಕ್ಟೋಬರ್ 10ರಂದು ಸರ್ಕಾರ ಶುರು ಮಾಡಿದ್ದು, ದುಡ್ಡಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲಿ ಮಾತಾಡುತ್ತಾರೆ. ಎರಡು ಸಲ ಕಟ್ ಮಾಡಿ ಮೂರನೇ ಸಲ ಮಾತಾಡಿದೆ. ಆ ಕಡೆಯವರು ಸೊಂಟದ ಬಗ್ಗೆ ಕೇಳಿದ್ದಕ್ಕಿಂತ ಬೆಳಗಿನ ಜಾವದ ಮೂರು ಗಂಟೆಯ ಬಗ್ಗೆ ಜಾಸ್ತಿ ಕೇಳಿದರು. ನಾನು ಬೈದು ಕಳಿಸಿದ್ದ ಆ ಅಜ್ಜಿ ಗಿರಾಕಿಯ ಮನೆಗೂ ಹೋಗಿ ತಪ್ಪಾಯ್ತು ಅಂದು ಬಂದೆ, ಅರ್ಧ ಕೆಜಿ ಬೇಳೆ ಕೈಯಲ್ಲಿ ಹಿಡಿದುಕೊಂಡೇ ಹೋಗಿದ್ದೆ. ಬೇಳೆ ಇಸಿದುಕೊಂಡಳು, ಮಾತಾಡಲಿಲ್ಲ, ಮುಂದಿನ ವಾರ ಅಂಗಡಿಗೆ ಬಂದು ಮತ್ತೆ ಚೌಕಾಶಿ ಮಾಡಿದಳು.

ನೋವು ಪೂರಾ ಹೋಗಿಲ್ಲ. ಚಳಿಗಾಲದ ಬೆಳಿಗ್ಗೆ ಹಿಡಿಯುತ್ತೆ, ಜಾಸ್ತಿ ಹೊತ್ತು ಕೂತರೆ ಎಳೆಯುತ್ತೆ. ಹೋದ ದಸರಾ ರಜೆಯಲ್ಲಿ ತಂಗಿಯ ಮನೆಯವರು ಬಂದಾಗ ಎಲ್ಲರ ಜೊತೆ ಗೋಳಗುಮ್ಮಟ ಹತ್ತಿದೆ. ನಾಲ್ಕು ವರ್ಷ ಕೆಳಗೆ ಹುಲ್ಲಿನ ಮೇಲೆ ಚಪ್ಪಲಿ ಕಾಯ್ದುಕೊಂಡು ಕೂತವನು. ಮೂಲೆಯ ಮೀನಾರಿನ ಇಕ್ಕಟ್ಟು ಮೆಟ್ಟಿಲು, ಏಳು ಅಂತಸ್ತು, ನಾಲ್ಕು ಕಡೆ ನಿಂತು ನಿಂತು ಹೋದೆ. ಮರುದಿನ ನೋವು ಬಂತು, ಮೊಣಕಾಲಿಗೆ. ಅದರ ಡಾಕ್ಟರಿಗೆ ಇನ್ನೂ ಹೋಗಿಲ್ಲ, ಅವರು ಮೆಟ್ಟಿಲು ಹತ್ತಬೇಡಿ ಅಂದರೆ ಏನು ಮಾಡಲಿ?

ತಂಗಿಯ ಮಗಳಿಗೆ ಈಗ ನಾಲ್ಕು ವರ್ಷ. ಅಂಗಡಿಯ ಕಾಟಾದ ಮೇಲೆ ನಿಲ್ಲಿಸಿ ತೂಗಿದೆವು, 14 ಕೆಜಿ 200 ಗ್ರಾಂ. ಇಳಿಸುವಾಗ ನಾನೇ ಎತ್ತಿ ಇಳಿಸಿದೆ. ಕೊನೆಯ ಬೆಲ್ಟ್ ಅಂಗಡಿಯಲ್ಲೇ ಇದೆ, ಖಾಲಿ ಚೀಲಗಳ ಕಟ್ಟು ಬಿಗಿಯೋಕೆ ಮಗ ಬಳಸುತ್ತಾನೆ. ಅದರ ವೆಲ್ಕ್ರೋ ಇನ್ನೂ ಗಟ್ಟಿಯಿದೆ.

ಇಂತಿ,
ಒಬ್ಬ ಕಿರಾಣಿ ಅಂಗಡಿಯವ
ವಿಜಯಪುರ